ಮೀನು, ಟ್ರಾಫಿಕ್ ಜಾಮ್, ಮಿಂಚುಹುಳು: ಓದುಗರ ಪ್ರಶ್ನೆಗಳಿಗೆ ಗಣಿತದ ಉತ್ತರ

ಜೀವಿಗಳು, ರೋಬೋಟ್‌ಗಳು, ರಸ್ತೆ, ಸೇತುವೆ ಇಂಥ ಗೋಜಲು ವ್ಯವಸ್ಥೆಗಳನ್ನು ಗಣಿತದ ಮಾಡೆಲ್‌ಗಳಲ್ಲಿ ಹಿಡಿಯುವುದು ಹೇಗೆ ಅನ್ನುವುದರ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಒಳ್ಳೊಳ್ಳೆಯ ಪ್ರಶ್ನೆಗಳು ಬಂದಿವೆ. ಕೆಲವಕ್ಕೆ ಉದ್ದ ಉತ್ತರ ಬೇಕಾಯಿತು, ಕೆಲವಕ್ಕೆ ಸ್ವಲ್ಪದರಲ್ಲೇ ಮುಗಿಯಿತು.

ಪ್ರಶ್ನೆ: ಬಯಾಲಜಿ ತಗೊಂಡರೆ ಲೆಕ್ಕದ ಕಾಟ ಇರಲ್ಲ ಅಂತ ಸೇರಿದೆ. ಈಗ ನೋಡಿದರೆ ಇಲ್ಲೂ ಸಮೀಕರಣ! ಜೀವಿಗಳಿಗೂ ಸಮೀಕರಣಕ್ಕೂ ಏನು ಸಂಬಂಧ? (ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ)

ಒಂದು ಮೀನು ಮಾರುಕಟ್ಟೆಯ ಕಥೆ ಹೇಳುತ್ತೇನೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಉಂಬರ್ತೋ ದಾಂಕೋನ ಎಂಬ ಇಟಲಿಯ ಜೀವವಿಜ್ಞಾನಿ ಏಡ್ರಿಯಾಟಿಕ್ ಸಮುದ್ರದ ದಂಡೆಯ ಮಾರುಕಟ್ಟೆಗಳ ಹಳೇ ಲೆಕ್ಕ ತೆಗೆದು ನೋಡಿದರು. ಫಿಯೂಮೆ ಬಂದರಿಗೆ ಬಂದ ಮೀನಿನಲ್ಲಿ ಶಾರ್ಕ್ ಜಾತಿಯ ಬೇಟೆಗಾರ ಮೀನುಗಳ ಪಾಲು 1914ರಲ್ಲಿ ಸುಮಾರು ಶೇ. 12 ಇತ್ತು. ಯುದ್ಧ ನಡೆದ ವರ್ಷಗಳಲ್ಲಿ ಅದು ಏರುತ್ತಾ ಹೋಗಿ 1918ರಲ್ಲಿ ಶೇ. 36 ಆಯಿತು. ಯುದ್ಧ ಮುಗಿದ ಮೇಲೆ ಮತ್ತೆ ಇಳಿಯಿತು, 1923ರಲ್ಲಿ ಶೇ. 11ರ ಹತ್ತಿರ. ಯುದ್ಧದ ಕಾಲದಲ್ಲಿ ದೋಣಿಗಳು ಕಡಲಿಗೆ ಇಳಿಯುವುದೇ ಕಮ್ಮಿಯಾಗಿತ್ತು, ಅದು ಸರಿ. ಹಿಡಿಯುವುದು ಕಮ್ಮಿಯಾದರೆ ಎಲ್ಲ ಮೀನೂ ಹೆಚ್ಚಬೇಕಲ್ವಾ? ಬೇಟೆಗಾರನ ಪಾಲು ಮಾತ್ರ ಯಾಕೆ ಹೆಚ್ಚಿತು?

ಅವರು ಈ ಪ್ರಶ್ನೆಯನ್ನು ವೀಟೋ ವೋಲ್ತೆರಾ ಎಂಬ ದೊಡ್ಡ ಗಣಿತಜ್ಞರ ಮುಂದಿಟ್ಟರು. ಅವರ ಮಗಳನ್ನೇ ದಾಂಕೋನ ಮುಂದೆ ಮದುವೆಯಾದರು. ವೋಲ್ತೆರಾ 1926ರಲ್ಲಿ ಎರಡೇ ಎರಡು ಸಮೀಕರಣ ಬರೆದರು. ಮೊದಲನೆಯದು ಸಣ್ಣ ಮೀನಿಗೆ: ತನ್ನಷ್ಟಕ್ಕೆ ಬಿಟ್ಟರೆ ಬೆಳೆಯುತ್ತದೆ, ಬೇಟೆಗಾರ ಎದುರಾದಷ್ಟೂ ಕರಗುತ್ತದೆ. ಎರಡನೆಯದು ಬೇಟೆಗಾರನಿಗೆ: ತಿನ್ನಲು ಸಿಗದಿದ್ದರೆ ಸಾಯುತ್ತಾ ಹೋಗುತ್ತದೆ, ಸಣ್ಣ ಮೀನು ಸಿಕ್ಕಷ್ಟೂ ಹೆಚ್ಚುತ್ತದೆ. ಇಷ್ಟೇ. ನೀರಿನ ಬಿಸಿ ಇಲ್ಲ, ಉಪ್ಪು ಇಲ್ಲ, ಅಲೆ ಇಲ್ಲ, ಮೊಟ್ಟೆ ಇಡುವ ಕಾಲ ಇಲ್ಲ, ಎಲ್ಲವನ್ನೂ ಬಿಟ್ಟರು. (ಅಮೆರಿಕದಲ್ಲಿದ್ದ ಆಲ್ಫ್ರೆಡ್ ಲೋಟ್ಕಾ ಇವೇ ಸಮೀಕರಣಗಳನ್ನು ಇವರಿಗೆ ಗೊತ್ತಿಲ್ಲದೆ 1925ರಲ್ಲೇ ಬರೆದಿದ್ದರು, ಅದಕ್ಕೇ ಇವತ್ತು ಇಬ್ಬರ ಹೆಸರೂ ಸೇರಿಸಿ ಹೇಳುತ್ತೇವೆ.)

ಈ ಎರಡು ಸಮೀಕರಣ ಬಿಡಿಸಿದಾಗ ಸಿಕ್ಕಿದ್ದನ್ನು ನಿಧಾನವಾಗಿ ಓದಿ. ಸಣ್ಣ ಮೀನಿನ ಸರಾಸರಿ ಸಂಖ್ಯೆ ನಿಂತಿರುವುದು ಸಣ್ಣ ಮೀನು ಎಷ್ಟು ಬೇಗ ಮರಿ ಮಾಡುತ್ತದೆ ಅನ್ನುವುದರ ಮೇಲೆ ಅಲ್ಲ, ಬೇಟೆಗಾರ ಎಷ್ಟು ಬೇಗ ಸಾಯುತ್ತದೆ ಅನ್ನುವುದರ ಮೇಲೆ. ಬೇಟೆಗಾರನ ಸರಾಸರಿ ಸಂಖ್ಯೆ ನಿಂತಿರುವುದು ಸಣ್ಣ ಮೀನು ಎಷ್ಟು ಬೇಗ ಬೆಳೆಯುತ್ತದೆ ಅನ್ನುವುದರ ಮೇಲೆ. ಬಲೆ ಎರಡನ್ನೂ ಹಿಡಿಯುತ್ತದೆ. ಅಂದರೆ ಬೇಟೆಗಾರನ ಸಾವು ಹೆಚ್ಚಾಗುತ್ತದೆ, ಸಣ್ಣ ಮೀನಿನ ಬೆಳವಣಿಗೆ ತಗ್ಗುತ್ತದೆ. ಹಾಗಾಗಿ ಮಿತವಾಗಿ ಮೀನು ಹಿಡಿದರೆ ಸರಾಸರಿಯಲ್ಲಿ ಸಣ್ಣ ಮೀನು ಹೆಚ್ಚುತ್ತದೆ, ಶಾರ್ಕ್ ಕಮ್ಮಿಯಾಗುತ್ತದೆ! ಬಲೆ ನಿಂತರೆ ಇದು ತಿರುವುಮುರುವು. ಫಿಯೂಮೆಯ ಲೆಕ್ಕದಲ್ಲಿ ಕಂಡದ್ದು ಇದೇ.

ಬರೀ ಮಾತಿನಲ್ಲಿ ಯೋಚಿಸಿದ್ದರೆ ಇಲ್ಲಿಗೆ ತಲುಪುವುದು ತುಂಬ ಕಷ್ಟವಿತ್ತು. ನಿಮ್ಮ ಮನೆಯವರು ಭತ್ತ ಬೆಳೆಯುತ್ತಿದ್ದರೆ ಇದು ನಿಮ್ಮ ಗದ್ದೆಗೂ ಸೇರಿದ ವಿಷಯ. ಕಂದು ಜಿಗಿಹುಳು ಬಂತು ಅಂತ ಎಲ್ಲವನ್ನೂ ಕೊಲ್ಲುವ ಔಷಧಿ ಹೊಡೆದರೆ ಅದನ್ನು ತಿನ್ನುವ ಜೇಡಗಳೂ ಸಾಯುತ್ತವೆ. ಆಮೇಲೆ ಜಿಗಿಹುಳು ಮೊದಲಿಗಿಂತ ಜಾಸ್ತಿಯಾಗಿ ಬರುತ್ತದೆ. ಏಷ್ಯಾದ ಎಷ್ಟೋ ದೇಶಗಳ ಭತ್ತದ ಗದ್ದೆಗಳಲ್ಲಿ ಹೀಗೇ ಆಗಿದೆ. ವೋಲ್ತೆರಾ ಮೀನಿಗೆ ಬರೆದ ಸಮೀಕರಣದಲ್ಲಿ ಬಲೆ ಇದ್ದ ಜಾಗಕ್ಕೆ ಔಷಧಿ ಬಂದಿದೆ, ಅಷ್ಟೇ ವ್ಯತ್ಯಾಸ.

ಹಾಗಾಗಿ ಲೆಕ್ಕ ಬಿಟ್ಟು ಓಡಬೇಡಿ. ಬಯಾಲಜಿ ಓದಿದವರಿಗೆ ಲೆಕ್ಕವೂ ಬಂದರೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು ಅಂತ ಹೇಳುವ ಅಧಿಕಾರ ಅವರಿಗೆ ಸಿಗುತ್ತದೆ. ಮಾಡೆಲ್ ಕಟ್ಟುವುದರಲ್ಲಿ ಅದೇ ಮುಖ್ಯ ಕೆಲಸ.

ಪ್ರಶ್ನೆ: ಮುಂದೆ ಆಕ್ಸಿಡೆಂಟ್ ಇಲ್ಲ, ಸಿಗ್ನಲ್ ಇಲ್ಲ, ರಸ್ತೆ ಅಗೆದಿಲ್ಲ. ಆದರೂ ಔಟರ್ ರಿಂಗ್ ರೋಡಲ್ಲಿ ಇದ್ದಕ್ಕಿದ್ದ ಹಾಗೆ ಗಾಡಿಗಳು ನಿಲ್ಲುತ್ತವೆ. ಆಮೇಲೆ ಸುಮ್ನೆ ಬಿಟ್ಟುಕೊಳ್ಳುತ್ತದೆ. ತಪ್ಪು ಯಾರದು? (ಐಟಿ ಉದ್ಯೋಗಿ, ಬೆಂಗಳೂರು)

ಯಾರದೂ ಅಲ್ಲ, ಅಥವಾ ಎಲ್ಲರದೂ ಚೂರುಚೂರು. ಜಪಾನಿನ ಸಂಶೋಧಕರು ಇದನ್ನೇ ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ಒಂದು ದುಂಡಗಿನ ದಾರಿ, ಅದರ ಮೇಲೆ 22 ಕಾರು. ಎಲ್ಲರೂ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ, ಮುಂದಿನ ಕಾರಿನಿಂದ ಅಂತರ ಇಟ್ಟುಕೊಂಡು ಹೋಗಬೇಕು ಅಂತ ಹೇಳಿದ್ದರು. ಸಿಗ್ನಲ್ ಇಲ್ಲ, ಅಡ್ಡರಸ್ತೆ ಇಲ್ಲ, ಒಳಗೆ ನುಗ್ಗುವವರಿಲ್ಲ. ಶುರುವಿನಲ್ಲಿ ಚೆನ್ನಾಗಿ ಹೋಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಒಂದು ಕಡೆ ಐದಾರು ಕಾರು ಒತ್ತಿಕೊಂಡು ಪೂರ್ತಿ ನಿಂತವು. ಆ ಗಂಟು ಬಿಚ್ಚಲೂ ಇಲ್ಲ, ಇದ್ದಲ್ಲೇ ಇರಲೂ ಇಲ್ಲ. ಕಾರುಗಳು ಮುಂದಕ್ಕೆ ಹೋಗುತ್ತಿದ್ದರೆ ಜಾಮ್ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಹೋಗುತ್ತಿತ್ತು.

ಕಾರಣ ತಡ. ಮುಂದಿನವನು ಬ್ರೇಕ್ ಮುಟ್ಟಿದ್ದು ಕಣ್ಣಿಗೆ ಬಿದ್ದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸ್ವಲ್ಪ ಸಮಯ ಹೋಗಿರುತ್ತದೆ. ಅದನ್ನು ಸರಿದೂಗಿಸಲು ನೀವು ಅವನಿಗಿಂತ ಸ್ವಲ್ಪ ಗಟ್ಟಿಯಾಗಿ ಬ್ರೇಕ್ ಒತ್ತುತ್ತೀರಿ. ನಿಮ್ಮ ಹಿಂದಿನವರು ಇನ್ನೂ ಸ್ವಲ್ಪ ಗಟ್ಟಿಯಾಗಿ. ಗಾಡಿಗಳು ವಿರಳವಾಗಿದ್ದರೆ ಈ ನಡುಕ ನಾಲ್ಕು ಗಾಡಿ ದಾಟುವಷ್ಟರಲ್ಲಿ ಸತ್ತುಹೋಗುತ್ತದೆ. ಒಂದು ಮಟ್ಟಕ್ಕಿಂತ ಒತ್ತಾದರೆ ಸಾಯುವುದಿಲ್ಲ, ಹಿಂದೆ ಹೋದ ಹಾಗೆ ದೊಡ್ಡದಾಗುತ್ತದೆ, ಕೊನೆಗೆ ಯಾರೋ ಒಬ್ಬರು ಪೂರ್ತಿ ನಿಲ್ಲಿಸುತ್ತಾರೆ. ಸಮೀಕರಣದಲ್ಲಿ ಈ ಮಟ್ಟ ಎಲ್ಲಿದೆ ಅಂತ ತೋರಿಸಬಹುದು. ಯಾವುದೇ ಒಂದು ಕಾರನ್ನು ಬಿಚ್ಚಿ ಭಾಗ ಭಾಗ ಮಾಡಿ ನೋಡಿದರೂ ಜಾಮ್ ಅದರೊಳಗೆ ಸಿಗುವುದಿಲ್ಲ. ಅದು ಇರುವುದು ಎರಡು ಕಾರುಗಳ ನಡುವೆ. ಈ ಅಂಕಣದ ಎಲ್ಲ ಪ್ರಶ್ನೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಇದಕ್ಕೆ ಮದ್ದೂ ಇದೆ. ಅಮೆರಿಕದ ಅರಿಜೋನಾದಲ್ಲಿ ಇದೇ ಥರದ ದುಂಡು ದಾರಿಯಲ್ಲಿ, ಇಪ್ಪತ್ತಕ್ಕೂ ಹೆಚ್ಚು ಕಾರುಗಳ ನಡುವೆ ಒಂದೇ ಒಂದು ಕಾರನ್ನು ಕಂಪ್ಯೂಟರ್ ಕೈಗೆ ಕೊಟ್ಟರು. ಅದು ಮುಂದಿನ ಕಾರಿಗೆ ಅಂಟಿಕೊಂಡು ಓಡಲಿಲ್ಲ, ಸರಾಸರಿ ವೇಗ ಲೆಕ್ಕ ಹಾಕಿ ಅದೇ ವೇಗದಲ್ಲಿ ಸಮವಾಗಿ ಹೋಯಿತು. ಅಲೆ ಅಡಗಿತು. ಎಲ್ಲ ಕಾರುಗಳ ಒಟ್ಟು ಪೆಟ್ರೋಲ್ ಬಳಕೆ ಶೇ. 40ರವರೆಗೂ ಇಳಿಯಿತು. ಈ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅಂದರೆ ನೀವೂ ಗ್ಯಾಪ್ ಬಿಟ್ಟು ಸಮವಾಗಿ ಓಡಿಸಿದರೆ ನಿಮ್ಮ ಹಿಂದಿರುವವರಿಗೆ ಉಪಕಾರ ಮಾಡಿದಂತೆ.

ಆದರೆ ಒಂದು ಮಾತು ಒತ್ತಿ ಹೇಳಬೇಕು. ಈ ಮಾಡೆಲ್‌ಗಳೆಲ್ಲ ಒಂದೇ ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವ ಕಾರುಗಳಿಗೆ ಬರೆದವು. ನಮ್ಮಲ್ಲಿ ನೀವು ಬಿಟ್ಟ ಗ್ಯಾಪಿಗೆ ಒಂದು ಬೈಕು, ಅದರ ಪಕ್ಕಕ್ಕೆ ಒಂದು ಆಟೋ ಬಂದು ಸೇರುತ್ತದೆ. ಪಕ್ಕಕ್ಕೆ ಸರಿಯುವುದನ್ನೂ, ಗಾಡಿಗಳ ಗಾತ್ರ ಬೇರೆಬೇರೆ ಇರುವುದನ್ನೂ ಸೇರಿಸಿದ ಮಾಡೆಲ್ ನಮ್ಮ ರಸ್ತೆಗೆ ಬೇಕು. ಹೊರದೇಶದ ಸಾಫ್ಟ್‌ವೇರ್ ತಂದು ಹಾಗೇ ಹಾಕಿ, ಅದು ಕೊಟ್ಟ ಅಂಕಿ ನೋಡಿ ಫ್ಲೈಓವರ್ ತೀರ್ಮಾನ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಕೋವಿಡ್ ಕಾಲದಲ್ಲಿ ದಿನಕ್ಕೊಂದು ಭವಿಷ್ಯ ಹೇಳಿದರು. ಹೆಚ್ಚಿನವು ಸುಳ್ಳಾದವು. ಹಾಗಿದ್ದ ಮೇಲೆ ಈ ಮಾಡೆಲ್‌ಗಳನ್ನು ಯಾಕೆ ನಂಬಬೇಕು? (ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು)

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ರೋಗದ ಮಾಡೆಲ್ ಯಾವುದಕ್ಕೆ ಹುಟ್ಟಿತು ಅನ್ನುವುದನ್ನು ಮೊದಲು ನೋಡೋಣ. ಅದರ ಬೇರು ನಮ್ಮ ದೇಶದಲ್ಲೇ ಇದೆ.

ರೊನಾಲ್ಡ್ ರಾಸ್ ಹೆಸರು ಕೇಳಿರುತ್ತೀರಿ, ಮಲೇರಿಯಾ ರೋಗಾಣು ಸೊಳ್ಳೆಯೊಳಗೆ ಬೆಳೆಯುತ್ತದೆ ಅಂತ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದು 1902ರಲ್ಲಿ ನೊಬೆಲ್ ಪಡೆದವರು. ಅದಕ್ಕೂ ಎಷ್ಟೋ ಮುಂಚೆ, 1883ರಲ್ಲಿ, ಅವರು ಬೆಂಗಳೂರಿನಲ್ಲಿ ಸೇನೆಯ ವೈದ್ಯರಾಗಿದ್ದರು. ಬಂಗಲೆ ಪಕ್ಕದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳು ಕಂಡವು. ನೀರು ಚೆಲ್ಲಿಸಿದ ಮೇಲೆ ಸೊಳ್ಳೆ ಕಾಟ ಇಳಿಯಿತು. ಮುಂದೆ ಅವರು ಸೊಳ್ಳೆ ನಿಯಂತ್ರಣ ಮಾಡಿ ಅಂದಾಗ ಬಂದ ಆಕ್ಷೇಪ ಏನು ಗೊತ್ತೇ? ಎಲ್ಲ ಸೊಳ್ಳೆ ಕೊಲ್ಲುವುದು ಸಾಧ್ಯವೇ ಇಲ್ಲ, ಹಾಗಾಗಿ ಪ್ರಯತ್ನವೇ ವ್ಯರ್ಥ ಅಂತ. ಅದಕ್ಕೆ ರಾಸ್ ಗಣಿತದಿಂದ ಉತ್ತರ ಕೊಟ್ಟರು. ಎಲ್ಲವನ್ನೂ ಕೊಲ್ಲಬೇಕಾಗಿಲ್ಲ. ಜನರ ಲೆಕ್ಕಕ್ಕೆ ಸೊಳ್ಳೆಯ ಸಂಖ್ಯೆ ಒಂದು ಮಿತಿಗಿಂತ ಕೆಳಗೆ ಹೋದರೆ ಸಾಕು, ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗಿಂತ ಕಮ್ಮಿ ಜನಕ್ಕೆ ರೋಗ ದಾಟುತ್ತದೆ, ಮಲೇರಿಯಾ ತಾನಾಗೇ ನಂದುತ್ತದೆ. ಇದು ಭವಿಷ್ಯವಾಣಿ ಅಲ್ಲ, ಏನು ಮಾಡಿದರೆ ಸಾಕು ಅನ್ನುವುದಕ್ಕೆ ಉತ್ತರ.

ಭಾರತದಲ್ಲಿ ವೈದ್ಯಾಧಿಕಾರಿಯಾಗಿದ್ದು, ಕಸೌಲಿಯ ಪಾಶ್ಚರ್ ಸಂಸ್ಥೆ ನಡೆಸಿದ್ದ ಮೆಕೆಂಡ್ರಿಕ್ ಮತ್ತು ಎಡಿನ್‌ಬರಾದ ಕರ್ಮಾಕ್ ಸೇರಿ 1927ರಲ್ಲಿ ಇದನ್ನು ಎಲ್ಲ ಅಂಟುರೋಗಕ್ಕೂ ಹಿಗ್ಗಿಸಿದರು. ಜನರನ್ನು ಮೂರು ಗುಂಪು ಮಾಡಿ: ರೋಗ ತಗುಲಬಹುದಾದವರು, ತಗುಲಿದವರು, ಗುಣವಾದವರು ಅಥವಾ ತೀರಿಕೊಂಡವರು. ಒಬ್ಬ ದಡಾರ ರೋಗಿಯಿಂದ, ಯಾರಿಗೂ ಲಸಿಕೆ ಇಲ್ಲದ ಊರಿನಲ್ಲಿ, 12ರಿಂದ 18 ಜನಕ್ಕೆ ಹರಡುತ್ತದೆ ಅನ್ನುತ್ತಾರೆ. ಹಾಗಿದ್ದರೆ ರೋಗ ತಡೆಯಲು 12ರಲ್ಲಿ 11 ಜನಕ್ಕೆ, 18 ಆದರೆ 17 ಜನಕ್ಕೆ ತಗುಲದ ಹಾಗೆ ನೋಡಿಕೊಳ್ಳಬೇಕು, ಅಂದರೆ ಶೇ. 92ರಿಂದ 94ರಷ್ಟು ಜನರಲ್ಲಿ ರಕ್ಷಣೆ ಇರಬೇಕು. ದಡಾರಕ್ಕೆ ಶೇ. 95 ಲಸಿಕೆ ಅಂತ ಆರೋಗ್ಯ ಇಲಾಖೆಯವರು ಹಟ ಹಿಡಿಯುವುದು ಈ ಭಾಗಾಕಾರದಿಂದ.

ಈಗ ಕೋವಿಡ್‌ಗೆ ಬರೋಣ. ಕೇಸುಗಳು ಮೂರು ದಿನಕ್ಕೊಮ್ಮೆ ಎರಡರಷ್ಟಾದರೆ 30 ದಿನದಲ್ಲಿ ಒಂದು ಕೇಸು 1,024 ಆಗುತ್ತದೆ. ನಾಲ್ಕು ದಿನಕ್ಕೊಮ್ಮೆ ಆದರೆ ಬರೀ 181. ಶುರುವಿನ ದಿನಗಳಲ್ಲಿ, ಟೆಸ್ಟ್ ಕಮ್ಮಿ ಇದ್ದಾಗ, ಅದು ಮೂರೋ ನಾಲ್ಕೋ ಅಂತ ಖಚಿತವಾಗಿ ಹೇಳುವುದು ಯಾರಿಗೂ ಆಗುತ್ತಿರಲಿಲ್ಲ. ಜೊತೆಗೆ, ಭವಿಷ್ಯ ಕೇಳಿದ ಜನ ಮನೆಯೊಳಗೆ ಕೂತರು, ಮಾಸ್ಕ್ ಹಾಕಿದರು, ಸಂಖ್ಯೆಯೇ ಬದಲಾಯಿತು. ಹಾಗಾಗಿ ಇನ್ನು ಎರಡು ತಿಂಗಳಿಗೆ ಇಂಥ ದಿನ ಇಷ್ಟು ಸಾವಿರ ಕೇಸು ಅಂತ ಒಂದೇ ಅಂಕಿ ಹೇಳಿದವರನ್ನು ನೀವು ನಂಬದಿದ್ದದ್ದೇ ಸರಿ. ಹೀಗೆ ಮಾಡಿದರೆ ಈ ವ್ಯಾಪ್ತಿಯಲ್ಲಿ, ಮಾಡದಿದ್ದರೆ ಆ ವ್ಯಾಪ್ತಿಯಲ್ಲಿ ಅಂತ ಹೇಳಿದವರ ಮಾತಿಗೆ ಬೆಲೆ ಇದೆ.

ಇನ್ನೊಂದು ಎಚ್ಚರಿಕೆಯೂ 1927ರ ಆ ಲೇಖನದಲ್ಲೇ ಇದೆ. ಅವರು ತಮ್ಮ ಸಮೀಕರಣವನ್ನು 1905-06ರ ಬಾಂಬೆ ಪ್ಲೇಗಿನ ವಾರವಾರದ ಸಾವಿನ ಲೆಕ್ಕಕ್ಕೆ ಹೊಂದಿಸಿ ತೋರಿಸಿದರು. ಗೆರೆ ಅಂಕಿಗಳ ಮೇಲೆ ಚೆನ್ನಾಗಿ ಕೂತಿತು. ಆದರೆ ಆ ಪ್ಲೇಗ್ ಹರಡಿದ್ದು ಇಲಿ ಮತ್ತು ಚಿಗಟದಿಂದ, ಸಮೀಕರಣದಲ್ಲಿ ಇಲಿಯೇ ಇಲ್ಲ! ಗೆರೆ ಹೊಂದಿತು ಅಂದ ಮಾತ್ರಕ್ಕೆ ಕಾರಣ ಸಿಕ್ಕಿತು ಅಂತ ತಿಳಿಯಬಾರದು. ಯಾರಾದರೂ ಗ್ರಾಫ್ ತೋರಿಸಿ ನಂಬಿ ಅಂದರೆ, ಇದರಲ್ಲಿ ಏನನ್ನು ಬಿಟ್ಟಿದ್ದೀರಿ ಅಂತ ಮೊದಲು ಕೇಳಿ.

ಪ್ರಶ್ನೆ: ಎರಡು ಕಾಲಿನ ರೋಬೋಟ್‌ಗಳು ಯಾವಾಗಲೂ ಮೊಣಕಾಲು ಬಗ್ಗಿಸಿಕೊಂಡೇ ನಡೆಯುತ್ತವಲ್ಲ, ಯಾಕೆ? ಮನುಷ್ಯರ ಹಾಗೆ ಯಾಕೆ ನಡೆಯುವುದಿಲ್ಲ? (ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಬೀಳುವ ಭಯದಿಂದ. ಹೋಂಡಾದ ಅಸಿಮೋ ಥರದ ರೋಬೋಟ್‌ನಲ್ಲಿ ಪ್ರತಿ ಕ್ಷಣವೂ ಭಾರ ಅಂಗಾಲಿನ ಒಳಗೇ ಬೀಳುವ ಹಾಗೆ ಎಲ್ಲ ಮೋಟರ್‌ಗಳೂ ಹತೋಟಿ ಮಾಡುತ್ತಿರುತ್ತವೆ. ಮೊಣಕಾಲು ಪೂರ್ತಿ ನೆಟ್ಟಗಾದರೆ ದೇಹವನ್ನು ಬೇಕಾದ ಕಡೆ ಸರಿಸುವ ಹಿಡಿತ ತಪ್ಪುತ್ತದೆ, ಹಾಗಾಗಿ ಬಗ್ಗಿಸಿಯೇ ಇಡುತ್ತಾರೆ. ಬಗ್ಗಿದ ಕಾಲಲ್ಲಿ ನಿಂತು ನೋಡಿ, ಎರಡು ನಿಮಿಷಕ್ಕೆ ತೊಡೆ ಉರಿಯುತ್ತದೆ. ಮೋಟರಿಗೂ ಅದೇ ಪಾಡು. ಒಂದು ಕಿಲೋ ತೂಕವನ್ನು ಒಂದು ಮೀಟರ್ ಸಾಗಿಸಲು ಬೇಕಾದ ಶಕ್ತಿಯನ್ನು ಹೋಲಿಸಿದರೆ ಮನುಷ್ಯನಿಗೆ 0.2 ಅಂತ ಇಟ್ಟುಕೊಂಡರೆ ಅಸಿಮೋಗೆ 3.2 ಬೇಕು ಅನ್ನುವುದು ಅಂದಾಜು. ಅಂದರೆ 16 ಪಟ್ಟು.

1990ರಲ್ಲಿ ಕೆನಡಾದಲ್ಲಿ ಟ್ಯಾಡ್ ಮೆಕ್‌ಗೀರ್ ಎಂಬ ಎಂಜಿನಿಯರ್ ಈ ಯೋಚನೆಯನ್ನೇ ಬುಡಮೇಲು ಮಾಡಿದರು. ಅವರು ಮಾಡಿದ ಯಂತ್ರಕ್ಕೆ ಮೋಟರ್ ಇಲ್ಲ, ಬ್ಯಾಟರಿ ಇಲ್ಲ, ಕಂಪ್ಯೂಟರ್ ಇಲ್ಲ. ಕಾಲುಗಳು ಮಾತ್ರ. ತುಸು ಇಳಿಜಾರಿನ ಹಲಗೆ ಮೇಲೆ ಬಿಟ್ಟರೆ ಅದು ತಾನಾಗೇ, ಮನುಷ್ಯರ ಹಾಗೇ, ನಡೆದು ಹೋಗುತ್ತದೆ. ಕಾಲಿನ ಉದ್ದ, ತೂಕ ಎಲ್ಲಿದೆ, ಪಾದದ ಬಾಗು ಎಷ್ಟು ಅನ್ನುವುದನ್ನು ಅವರು ಮೊದಲು ಸಮೀಕರಣದಲ್ಲಿ ಬಿಡಿಸಿಕೊಂಡಿದ್ದರು. ಪ್ರತಿ ಹೆಜ್ಜೆಯಲ್ಲೂ ಆ ಯಂತ್ರ ಬೀಳುತ್ತಿರುತ್ತದೆ, ಮುಂದಿನ ಕಾಲು ಬಂದು ಹಿಡಿಯುತ್ತದೆ. ಕ್ಷಣಕ್ಷಣಕ್ಕೆ ಸ್ಥಿರ ಅಲ್ಲ, ಆದರೆ ಒಂದು ಹೆಜ್ಜೆಯಿಂದ ಇನ್ನೊಂದು ಹೆಜ್ಜೆಗೆ ಸ್ಥಿರ. ಇದನ್ನೇ ಆಧಾರ ಮಾಡಿಕೊಂಡು ಕಾರ್ನೆಲ್ ವಿಶ್ವವಿದ್ಯಾಲಯದವರು ಸಣ್ಣ ಮೋಟರ್ ಸೇರಿಸಿ ಸಮತಟ್ಟಿನ ನೆಲದಲ್ಲಿ ನಡೆಯುವ ರೋಬೋಟ್ ಮಾಡಿದರು. ಅದರ ಖರ್ಚು ಮನುಷ್ಯನಷ್ಟೇ, 0.2.

ನೀವು ಎಂಜಿನಿಯರಿಂಗ್ ಓದುತ್ತಿರುವುದರಿಂದ ಒಂದು ಲೆಕ್ಕ ಕೊಡುತ್ತೇನೆ. ನಡೆಯುವಾಗ ನೆಲದ ಮೇಲಿರುವ ಕಾಲು ನೆಟ್ಟಗಿರುತ್ತದೆ, ದೇಹ ಅದರ ಮೇಲೆ ವೃತ್ತದ ತುಣುಕಿನಲ್ಲಿ ಸಾಗುತ್ತದೆ. ಆ ವೃತ್ತದಲ್ಲಿ ಹಿಡಿದಿಡುವುದು ಗುರುತ್ವ ಒಂದೇ. ಹಾಗಾಗಿ ವೇಗದ ವರ್ಗವನ್ನು ಕಾಲಿನ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆ ಭೂಮಿಯ ಗುರುತ್ವವಾದ 9.8ನ್ನು ಮೀರುವಂತಿಲ್ಲ. ಕಾಲು 0.9 ಮೀಟರ್ ಇದ್ದರೆ ಮಿತಿ ಸೆಕೆಂಡಿಗೆ ಸುಮಾರು 3 ಮೀಟರ್. ಅದಕ್ಕಿಂತ ಜೋರಾದರೆ ಕಾಲು ನೆಲ ಬಿಡುತ್ತದೆ. ನಿಜದಲ್ಲಿ ನಾವು ಅಷ್ಟರವರೆಗೂ ಕಾಯುವುದಿಲ್ಲ, ಸೆಕೆಂಡಿಗೆ 2 ಮೀಟರ್ ಹತ್ತಿರ ಬಂದಾಗಲೇ ಓಟಕ್ಕೆ ಬದಲಾಯಿಸುತ್ತೇವೆ. ಈಗ ಚಂದ್ರನ ಗುರುತ್ವ 1.62 ಹಾಕಿ. ಮಿತಿ ಸೆಕೆಂಡಿಗೆ 1.2 ಮೀಟರಿಗೆ ಇಳಿಯುತ್ತದೆ, ಅಂದರೆ ನಮ್ಮ ಮಾಮೂಲಿ ನಡಿಗೆಯ ವೇಗದಲ್ಲೇ ಅಲ್ಲಿ ಕಾಲು ನೆಲ ಬಿಡುತ್ತದೆ. ಅಪೋಲೋ ಗಗನಯಾತ್ರಿಗಳು ವಿಡಿಯೋಗಳಲ್ಲಿ ಕುಪ್ಪಳಿಸುವುದು ಆಟಕ್ಕಲ್ಲ. ಒಂದು ಕೋಲು, ಅದರ ತುದಿಗೆ ಒಂದು ಭಾರ, ಇಷ್ಟೇ ಇರುವ ಮಾಡೆಲ್ ಇಷ್ಟು ದೂರ ಹೋಗುತ್ತದೆ ಅಂದರೆ ನನಗೆ ಈಗಲೂ ರೋಮಾಂಚನ ಆಗುತ್ತದೆ.

ಪ್ರಶ್ನೆ: ಮುಂಗಾರು ಶುರುವಾಗುವ ಮುಂಚೆ ನಮ್ಮ ಕಡೆ ಒಂದೊಂದು ಮರದ ತುಂಬ ಮಿಂಚುಹುಳು ಸೇರಿ ಒಟ್ಟಿಗೆ ಹೊತ್ತಿ ಆರುತ್ತವೆ. ಅವಕ್ಕೆ ತಾಳ ಹಾಕುವ ನಾಯಕ ಇರುತ್ತದೆಯೇ? (ಗೃಹಿಣಿ, ತೀರ್ಥಹಳ್ಳಿ)

ಇರುವುದಿಲ್ಲ. ಪ್ರತಿ ಹುಳದೊಳಗೂ ಒಂದು ಗಡಿಯಾರ ಇದೆ. ಪಕ್ಕದ ಹುಳ ಮಿನುಗಿದ್ದು ಕಂಡರೆ ಅದು ತನ್ನ ಗಡಿಯಾರವನ್ನು ಸ್ವಲ್ಪ ಮುಂದಕ್ಕೋ ಹಿಂದಕ್ಕೋ ತಿದ್ದಿಕೊಳ್ಳುತ್ತದೆ. ಎಲ್ಲರೂ ಹೀಗೆ ಚೂರುಚೂರು ತಿದ್ದಿಕೊಂಡರೆ ಕೊನೆಗೆ ಇಡೀ ಮರ ಒಂದೇ ತಾಳಕ್ಕೆ ಬರುತ್ತದೆ. 1960ರ ದಶಕದಲ್ಲಿ ಸಂಶೋಧಕರಾದ ಬಕ್ ದಂಪತಿ ಥಾಯ್ಲೆಂಡಿನಲ್ಲಿ ಇಂಥ ಹುಳಗಳನ್ನು ಹಿಡಿದು ತಂದು ಬ್ಯಾಂಕಾಕಿನ ಹೋಟೆಲ್ ಕೋಣೆಯ ಕತ್ತಲಲ್ಲಿ ಬಿಟ್ಟು ನೋಡಿದರು. ಮೊದಲು ಎರಡೆರಡು, ಮೂರುಮೂರು ಹುಳ ಹೊಂದಿಕೊಂಡವು, ಆಮೇಲೆ ಗುಂಪು ದೊಡ್ಡದಾಗುತ್ತಾ ಹೋಯಿತು.

ಜಪಾನಿನ ಭೌತವಿಜ್ಞಾನಿ ಕುರಮೋಟೊ 1975ರಲ್ಲಿ ಇಂಥ ಗಡಿಯಾರಗಳಿಗೆ ಒಂದು ಸಮೀಕರಣ ಕೊಟ್ಟರು. ಒಬ್ಬರ ಪ್ರಭಾವ ಇನ್ನೊಬ್ಬರ ಮೇಲೆ ಒಂದು ಮಟ್ಟಕ್ಕಿಂತ ಕಮ್ಮಿ ಇದ್ದರೆ ಎಲ್ಲರೂ ತಮ್ಮ ಪಾಡಿಗೆ ತಾವು, ಆ ಮಟ್ಟ ದಾಟಿದ ಕೂಡಲೇ ತಾಳ ಕೂಡಲು ಶುರು.

ಇದೇ ಗಣಿತ ಲಂಡನ್ನಿನಲ್ಲಿ ಒಂದು ಹೊಸ ಸೇತುವೆಯನ್ನು ಮುಚ್ಚಿಸಿತು. ಥೇಮ್ಸ್ ನದಿಗೆ ಅಡ್ಡಲಾಗಿ ಕಟ್ಟಿದ ಮಿಲೆನಿಯಂ ಸೇತುವೆ ನಡೆದು ಹೋಗುವವರಿಗೆ ಮಾತ್ರ. 10 ಜೂನ್ 2000ರಂದು ತೆರೆದರು, ಸಾವಿರಾರು ಜನ ಹತ್ತಿದರು, ಸೇತುವೆ ಪಕ್ಕಕ್ಕೆ ತೂಗಾಡಿತು, ಎರಡೇ ದಿನದಲ್ಲಿ ಮುಚ್ಚಬೇಕಾಯಿತು. ಜನ ಹೆಜ್ಜೆ ಕೂಡಿಸಿ ನಡೆಯಬೇಕು ಅಂತ ಮಾತಾಡಿಕೊಂಡು ಬಂದಿರಲಿಲ್ಲ. ಸೇತುವೆ ಕೂದಲೆಳೆಯಷ್ಟು ಅಲುಗಿದಾಗ ಬೀಳದಿರಲು ಎಲ್ಲರೂ ಅದಕ್ಕೆ ಹೊಂದಿಕೊಂಡು ಹೆಜ್ಜೆ ಇಟ್ಟರು, ಅದರಿಂದ ಅದು ಇನ್ನಷ್ಟು ಅಲುಗಿತು. ಆಮೇಲೆ ಎಂಜಿನಿಯರ್‌ಗಳು ಜನರನ್ನು ಹತ್ತಿಸಿ ಪರೀಕ್ಷೆ ಮಾಡಿದಾಗ ಸುಮಾರು 160 ಜನರವರೆಗೆ ಏನೂ ಇಲ್ಲ, ಇನ್ನು ಹತ್ತು ಜನ ಸೇರಿದ ಕೂಡಲೇ ತೂಗಾಟ ಶುರು. ಅಲುಗಾಟ ಹೀರುವ ಸುಮಾರು 90 ಡ್ಯಾಂಪರ್ ಹಾಕಿ 2002ರಲ್ಲಿ ಮತ್ತೆ ತೆರೆದರು. 2005ರಲ್ಲಿ ಗಣಿತಜ್ಞ ಸ್ಟೀವನ್ ಸ್ಟ್ರೊಗಾಟ್ಜ್ ಮತ್ತು ಜೊತೆಗಾರರು ಈ ಘಟನೆಯನ್ನು ಕುರಮೋಟೊ ಹಾದಿಯಲ್ಲೇ ವಿವರಿಸಿದರು.

ಪ್ರಶ್ನೆ: ನನ್ನ ಮಗಳಿಗೆ ಟೈಪ್ 1 ಡಯಾಬಿಟಿಸ್. ತಾನಾಗೇ ಇನ್ಸುಲಿನ್ ಕೊಡುವ ಪಂಪ್ ಬಂದಿದೆಯಂತೆ. ಅದಕ್ಕೆ ಎಷ್ಟು ಕೊಡಬೇಕು ಅಂತ ಹೇಗೆ ಗೊತ್ತಾಗುತ್ತದೆ? (ತಾಯಿ, ದಾವಣಗೆರೆ)

ಅದರೊಳಗೆ ಒಂದು ಲೆಕ್ಕ ಸದಾ ಓಡುತ್ತಿರುತ್ತದೆ. ಚರ್ಮದ ಕೆಳಗಿರುವ ಸೆನ್ಸರ್ ಕೆಲವೇ ನಿಮಿಷಕ್ಕೊಮ್ಮೆ ಸಕ್ಕರೆ ಅಳೆಯುತ್ತದೆ. ಮುಂದೆ ಸಕ್ಕರೆ ಎಲ್ಲಿಗೆ ಹೋಗಬಹುದು ಅಂತ ಅಂದಾಜು ಮಾಡಿ ಪಂಪ್ ಇನ್ಸುಲಿನ್ ಬಿಡುತ್ತದೆ. ಇಲ್ಲೂ ತೊಂದರೆ ಕೊಡುವುದು ತಡವೇ, ಟ್ರಾಫಿಕ್ಕಿನಲ್ಲಿ ಇದ್ದ ಹಾಗೆ. ಸೆನ್ಸರ್ ರಕ್ತಕ್ಕಿಂತ ಸ್ವಲ್ಪ ಹಿಂದಿರುತ್ತದೆ, ಚರ್ಮದ ಕೆಳಗೆ ಕೊಟ್ಟ ಇನ್ಸುಲಿನ್ ಪೂರ್ತಿ ಕೆಲಸ ಮಾಡಲು ಒಂದು ಗಂಟೆಯಾದರೂ ಬೇಕು. ಈಗ ಜಾಸ್ತಿ ಇದೆ ಅಂತ ಆತುರಪಟ್ಟು ಕೊಟ್ಟರೆ ಆಮೇಲೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹಾಗಾಗಿ ಈಗಾಗಲೇ ಕೊಟ್ಟು, ಇನ್ನೂ ಕೆಲಸ ಮಾಡದೆ ಉಳಿದಿರುವ ಇನ್ಸುಲಿನ್ ಎಷ್ಟು ಅನ್ನುವುದನ್ನು ಅದು ನೆನಪಿಟ್ಟುಕೊಳ್ಳಬೇಕು.

ಇಂಥ ಪಂಪನ್ನು ಮಕ್ಕಳ ಮೇಲೆ ನೇರ ಪ್ರಯೋಗ ಮಾಡಲು ಆಗುವುದಿಲ್ಲವಲ್ಲ. ಅಮೆರಿಕದ ವರ್ಜೀನಿಯಾ ಮತ್ತು ಇಟಲಿಯ ಪಡೋವಾ ವಿಶ್ವವಿದ್ಯಾಲಯಗಳು ಸೇರಿ ಕಂಪ್ಯೂಟರಿನಲ್ಲಿ 300 ರೋಗಿಗಳನ್ನು ಕಟ್ಟಿದವು: 100 ದೊಡ್ಡವರು, 100 ಹದಿಹರೆಯದವರು, 100 ಮಕ್ಕಳು. ಊಟ ಮಾಡಿದಾಗ ಒಬ್ಬೊಬ್ಬರ ಸಕ್ಕರೆ ಒಂದೊಂದು ಥರ ಏರುತ್ತದೆ. 2008ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಇಂಥ ಪಂಪ್‌ಗಳ ಲೆಕ್ಕವನ್ನು ಪರೀಕ್ಷಿಸುವಾಗ ಪ್ರಾಣಿಗಳ ಬದಲು ಈ ಮಾಡೆಲ್ ಬಳಸಬಹುದು ಅಂತ ಒಪ್ಪಿತು. 2016ರಲ್ಲಿ ಮೊದಲ ಪಂಪ್‌ಗೆ ಅಲ್ಲಿ ಅನುಮತಿ ಸಿಕ್ಕಿತು. ಅದರಲ್ಲಿಯೂ ಊಟದ ಲೆಕ್ಕವನ್ನು ನಾವೇ ಹೇಳಬೇಕಿತ್ತು. ನಿಮ್ಮ ಮಗಳಿಗೆ ಇದು ಸರಿಯೇ ಅನ್ನುವುದನ್ನು ಅವಳನ್ನು ನೋಡುತ್ತಿರುವ ವೈದ್ಯರೇ ಹೇಳಬೇಕು, ದಯವಿಟ್ಟು ಅವರನ್ನೇ ಕೇಳಿ.

ಪ್ರಶ್ನೆ: ಮೀನಿನ ಹಿಂಡು ಒಂದೇ ಏಟಿಗೆ ತಿರುಗುತ್ತದೆ. ರೋಬೋಟ್‌ಗಳಿಗೆ ಇದನ್ನು ಕಲಿಸಲು ಆಗುತ್ತದೆಯೇ? (ಹೈಸ್ಕೂಲ್ ವಿದ್ಯಾರ್ಥಿ, ಉಡುಪಿ)

ಸ್ವಲ್ಪ ಮಟ್ಟಿಗೆ ಕಲಿಸಿದ್ದಾರೆ. 2014ರಲ್ಲಿ ಹಾರ್ವರ್ಡ್‌ನಲ್ಲಿ, ಭಾರತದಲ್ಲಿ ಬೆಳೆದ ರಾಧಿಕಾ ನಾಗ್ಪಾಲ್ ಅವರ ತಂಡ 1,024 ಪುಟ್ಟ ರೋಬೋಟ್‌ಗಳನ್ನು ಮೇಜಿನ ಮೇಲೆ ಬಿಟ್ಟಿತು. ಹೆಸರು ಕಿಲೋಬಾಟ್. ಒಂದೊಂದೂ 3 ಸೆಂಟಿಮೀಟರಿಗಿಂತ ತುಸು ದೊಡ್ಡದು, ಮೊಬೈಲ್ ವೈಬ್ರೇಟ್ ಆದ ಹಾಗೆ ನಡುಗಿ ನಡುಗಿ ಸರಿಯುತ್ತದೆ. ಇಡೀ ಗುಂಪು ಅದಕ್ಕೆ ಕಾಣುವುದಿಲ್ಲ, ಪಕ್ಕದವು ಎಷ್ಟು ದೂರ ಇವೆ ಅನ್ನುವುದು ಮತ್ತು ಅವು ಕಳಿಸುವ ಸಂದೇಶ ಮಾತ್ರ ಗೊತ್ತಾಗುತ್ತದೆ. ಇಷ್ಟರಲ್ಲೇ ಅವು ಸುಮಾರು 12 ಗಂಟೆಯಲ್ಲಿ ನಕ್ಷತ್ರದ ಆಕಾರಕ್ಕೆ ಬಂದು ನಿಂತವು. ಎಲ್ಲಾದರೂ ಗಂಟು ಬಿದ್ದರೆ ಅಕ್ಕಪಕ್ಕದವೇ ಗುರುತಿಸಿ ಸರಿಮಾಡಿಕೊಳ್ಳುತ್ತಿದ್ದವು.

ಮೀನಿನ ಬಗ್ಗೆ ನಮ್ಮ ಬೆಂಗಳೂರಿನ ಐಐಎಸ್ಸಿಯಲ್ಲೇ ಸೊಗಸಾದ ಕೆಲಸ ಆಗಿದೆ. ವಿಶ್ವೇಶ ಗುತ್ತಲ್ ಅವರ ತಂಡ ಕರಿಮೀನುಗಳನ್ನು ಸಣ್ಣ, ದೊಡ್ಡ ಗುಂಪುಗಳಲ್ಲಿ ಬಿಟ್ಟು ವಿಡಿಯೋ ಮಾಡಿ, 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಮೀನು ಸುತ್ತಲಿನ ಎಲ್ಲರ ಸರಾಸರಿ ನೋಡಿ ತಿರುಗುತ್ತದೆ ಅನ್ನುವುದು ಹಳೆಯ ಊಹೆ. ಇಲ್ಲಿ ಕಂಡದ್ದು ಬೇರೆ. ಪ್ರತಿ ಮೀನು ಯಾವುದೋ ಒಂದು ಮೀನನ್ನು ಆರಿಸಿಕೊಂಡು ಅದರ ದಿಕ್ಕನ್ನು ನಕಲು ಮಾಡುತ್ತದೆ ಅಂತ ಇಟ್ಟುಕೊಂಡರೆ ಅಳತೆಗಳು ಸರಿಹೊಂದುತ್ತವೆ. ಹಾಗಿದ್ದಾಗ ಗುಂಪು ಸಣ್ಣದಾದಷ್ಟೂ ಆಕಸ್ಮಿಕದ ಪಾಲು ಜಾಸ್ತಿ, ಆ ಆಕಸ್ಮಿಕವೇ ಅವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಗೊಂದಲದಿಂದಲೇ ಒಗ್ಗಟ್ಟು! ನಿಮಗೆ ಹೊಳೆಯಲ್ಲಿ ಮೀನು ನೋಡುವ ಅವಕಾಶ ಇದೆ. ಸಣ್ಣ ಹಿಂಡು, ದೊಡ್ಡ ಹಿಂಡು ಎರಡನ್ನೂ ಗಮನಿಸಿ.

ಪ್ರಶ್ನೆ: ನನಗೆ ಕ್ಯಾಲ್ಕುಲಸ್ ಬರುವುದಿಲ್ಲ. ಆದರೂ ಒಂದು ಮಾಡೆಲ್ ಕೈಯಾರೆ ಮಾಡಿ ನೋಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? (ಅಡಿಕೆ ಬೆಳೆಗಾರ, ಶಿರಸಿ)

ಕ್ಯಾಲ್ಕುಲೇಟರ್ ಇದ್ದರೆ ಸಾಕು, ಕಂಪ್ಯೂಟರಿನಲ್ಲಿ ಎಕ್ಸೆಲ್ ಇದ್ದರೆ ಇನ್ನೂ ಸುಲಭ. ಒಂದು ಕೀಟ ವರ್ಷಕ್ಕೊಮ್ಮೆ ಮೊಟ್ಟೆ ಇಡುತ್ತದೆ ಅಂತ ಇಟ್ಟುಕೊಳ್ಳಿ. ಜಾಗ ತುಂಬಿಹೋದರೆ 1, ಒಂದೂ ಇಲ್ಲದಿದ್ದರೆ 0. ನಿಯಮ ಇದು:

ಮುಂದಿನ ವರ್ಷ = ದರ × ಈ ವರ್ಷ × (1 − ಈ ವರ್ಷ)

0.2ರಿಂದ ಶುರು ಮಾಡಿ, ದರ 2.8 ಇಡಿ. 0.448, 0.692, 0.596 ಹೀಗೆ ಮೇಲೆ ಕೆಳಗೆ ಹೋಗಿ ಕೊನೆಗೆ 0.643ಕ್ಕೆ ನಿಲ್ಲುತ್ತದೆ. ಈಗ ದರ 3.2 ಮಾಡಿ. ನಿಲ್ಲುವುದೇ ಇಲ್ಲ, ಒಂದು ವರ್ಷ 0.513, ಮರುವರ್ಷ 0.799, ಮತ್ತೆ 0.513. ಒಂದು ವರ್ಷ ಹೆಚ್ಚು, ಒಂದು ವರ್ಷ ಕಮ್ಮಿ ಬಂದರೆ ನಾವು ಮಳೆಯಲ್ಲೋ ಔಷಧಿಯಲ್ಲೋ ಕಾರಣ ಹುಡುಕುತ್ತೇವೆ. ಇಲ್ಲಿ ಹೊರಗಿನ ಕಾರಣ ಯಾವುದೂ ಇಲ್ಲ.

ದರ 3.9ಕ್ಕೆ ಏರಿಸಿದರೆ ಯಾವ ಕ್ರಮವೂ ಕಾಣುವುದಿಲ್ಲ. ಪಕ್ಕದ ಕಾಲಮ್ಮಿನಲ್ಲಿ 0.2ರ ಬದಲು 0.2001ರಿಂದ ಶುರು ಮಾಡಿ. ಮೊದಲ ಕೆಲವು ಸುತ್ತು ಎರಡೂ ಜೊತೆಯಲ್ಲೇ ಹೋಗುತ್ತವೆ. ಇಪ್ಪತ್ತು ಇಪ್ಪತ್ತೈದು ಸುತ್ತು ಕಳೆಯುವುದರೊಳಗೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರುವುದಿಲ್ಲ. ನಿಯಮದಲ್ಲಿ ಅದೃಷ್ಟ ಅನ್ನುವುದಿಲ್ಲ, ಆದರೂ ದೂರದ್ದನ್ನು ಹೇಳಲು ಆಗುವುದಿಲ್ಲ. ರಾಬರ್ಟ್ ಮೇ ಎಂಬ ವಿಜ್ಞಾನಿ 1976ರಲ್ಲಿ ಈ ಒಂದು ಸಾಲಿನ ಬಗ್ಗೆ ಲೇಖನ ಬರೆದು, ಇದನ್ನು ಶಾಲೆ ಮಕ್ಕಳಿಗೂ ಕಲಿಸಬೇಕು ಅನ್ನುವ ಅರ್ಥದ ಮಾತು ಹೇಳಿದ್ದರು. ನಮ್ಮ ಹೈಸ್ಕೂಲ್ ಗಣಿತದಲ್ಲಿ ಇದಕ್ಕೊಂದು ಪುಟ ಸಿಗಲಿ ಅಂತ ನನ್ನ ಆಸೆಯೂ ಹೌದು.

ಇಷ್ಟಾದ ಮೇಲೆ ದರ 3.83 ಹಾಕಿ ಒಂದಿನ್ನೂರು ಸುತ್ತು ಓಡಿಸಿ. 3.9ರ ಅಷ್ಟು ಹತ್ತಿರ ಇರುವುದರಿಂದ ಇಲ್ಲೂ ಗೊಂದಲವೇ ಇರಬೇಕು ಅನಿಸುತ್ತದೆ. ಆದರೆ 0.156, 0.505, 0.957 ಈ ಮೂರೇ ಸಂಖ್ಯೆಗಳು ಸರದಿಯಲ್ಲಿ ಬರುತ್ತಾ ಹೋಗುತ್ತವೆ. ದರವನ್ನು 3.82ರಿಂದ 3.86ರವರೆಗೆ ಸಣ್ಣಸಣ್ಣ ಹೆಜ್ಜೆಯಲ್ಲಿ ಬದಲಾಯಿಸಿ, ಈ ಮೂರರ ಸರದಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಒಡೆಯುತ್ತದೆ ಅಂತ ಗುರುತು ಮಾಡಿ ನಮಗೆ ಕಳಿಸಿ.